ಬಲೆ ತೊಟ್ಟ ಅಣಬೆಗೆ ಅಷ್ಟೊಂದು ನಾತ ಏಕೆ?

ಪ್ರಶ್ನೆ: ಮಳೆ ಬಿದ್ದ ಮರುದಿನ ಬೆಳಗ್ಗೆ ಬಿದಿರು ಮೆಳೆಯ ಬುಡದಲ್ಲಿ ಗೇಣುದ್ದದ ಬಿಳಿ ಅಣಬೆ ಕಂಡೆ. ಸುತ್ತಲೂ ಲಂಗದಂತೆ ಬಲೆ ಇಳಿಬಿದ್ದಿತ್ತು. ಹತ್ತಿರ ಹೋದರೆ ಕೊಳೆತ ಮಾಂಸದ ನಾತ! ಸಂಜೆಗೆ ಕುಸಿದು ಬಿದ್ದಿತ್ತು. ಇದು ಬಿದಿರಿಗೆ ತಗುಲಿದ ರೋಗವೇ? ಮತ್ತೆ ಬಂದರೆ ಕಿತ್ತು ಹಾಕಬೇಕೆ?

ಉತ್ತರ: ರೋಗವಲ್ಲ, ಕೀಳುವುದೂ ಬೇಡ. ನಿಮ್ಮ ವರ್ಣನೆ ನೋಡಿದರೆ ಇದು ಫ್ಯಾಲಸ್ ಇಂಡುಸಿಯೇಟಸ್ ಅಥವಾ ಅದಕ್ಕೆ ತೀರಾ ಹತ್ತಿರದ ಪ್ರಭೇದ. ಫ್ರಾನ್ಸಿನ ಸಸ್ಯವಿಜ್ಞಾನಿ ವೆಂಟೆನಾ 1798ರಲ್ಲಿ ಇದನ್ನು ಹೆಸರಿಟ್ಟು ವಿವರಿಸಿದರು. ಏಷ್ಯಾ, ಆಫ್ರಿಕಾ, ಅಮೆರಿಕ, ಆಸ್ಟ್ರೇಲಿಯಾಗಳ ಬೆಚ್ಚನೆಯ, ತೇವದ ಕಾಡುಗಳಲ್ಲಿ ಸಿಗುತ್ತದೆ.

ರಾತ್ರೋರಾತ್ರಿ ಎದ್ದು ನಿಂತಂತೆ ಕಂಡರೂ ಅದರ ತಯಾರಿ ಮೊದಲೇ ಮುಗಿದಿರುತ್ತದೆ. ಮಣ್ಣಿನಲ್ಲಿ ಅರ್ಧ ಹುದುಗಿದ ಮೊಟ್ಟೆಯಂಥ ಗಂಟನ್ನು ಉದ್ದಕ್ಕೆ ಕುಯ್ದರೆ ಹೊರಗೆ ಲೋಳೆಯ ಪದರ, ಒಳಗೆ ಮಡಿಚಿ ಒತ್ತಿಟ್ಟ ಕಾಂಡ, ಬಲೆ ಎಲ್ಲವೂ ಕಾಣುತ್ತವೆ. ನೀರು ಹೀರಿದ ಜೀವಕೋಶಗಳು ಹಿಗ್ಗಿದಾಗ ಕೆಲವೇ ಗಂಟೆಗಳಲ್ಲಿ ಕಾಂಡ ಮೇಲೇಳುತ್ತದೆ, 25 ಸೆಂ.ಮೀ.ವರೆಗೂ ಹೋಗುವುದುಂಟು.

ನಾತದ ವಿಷಯಕ್ಕೆ ಬರೋಣ. ಸಾಮಾನ್ಯ ಅಣಬೆಗಳು ಬೀಜಕಣಗಳನ್ನು ಗಾಳಿಗೆ ಬಿಡುತ್ತವೆ. ಕಾಡಿನ ನೆಲದಲ್ಲಿ ಗಾಳಿಯಾಡುವುದೇ ಕಡಿಮೆ. ಇದು ನೊಣಗಳನ್ನು ಕರೆಯುತ್ತದೆ. ತಲೆಗೆ ಮೆತ್ತಿದ ಹಸಿರುಗಂದು ಲೋಳೆಯಲ್ಲಿ ಬೀಜಕಣಗಳಿರುತ್ತವೆ. ಅದರಿಂದ ಹೊಮ್ಮುವ ಗಂಧಕದ ಸಂಯುಕ್ತಗಳು ಕೊಳೆಯುವ ಮಾಂಸದಲ್ಲೂ ಇರುವಂಥವೇ. ನೊಣ ಲೋಳೆ ತಿಂದು ಹಾರುತ್ತದೆ, ಬೀಜಕಣ ಜೀರ್ಣವಾಗದೆ ಹಿಕ್ಕೆಯೊಂದಿಗೆ ಬೇರೆಡೆ ಬೀಳುತ್ತದೆ. ಬಲೆ ಏತಕ್ಕೆಂಬುದು ಇನ್ನೂ ಚರ್ಚೆಯಲ್ಲಿದೆ. ತೆವಳುವ ಕೀಟಗಳಿಗೆ ಏಣಿಯಾಗಿರಬಹುದೆಂಬುದು ಒಂದು ಊಹೆ.

ನೀವು ನೋಡಿದ್ದು ಬರೀ ಫಲ. ನಿಜವಾದ ಜೀವಿ ತರಗೆಲೆಯಡಿ ಇದೆ. ಅಣಬೆಯ ಬುಡದ ಎಲೆಗಳನ್ನು ಮೆಲ್ಲಗೆ ಸರಿಸಿದರೆ ಬಿಳಿ ಹುರಿಗಳು ಒಂದು ಕೊಳೆತ ಕಡ್ಡಿಯಿಂದ ಇನ್ನೊಂದಕ್ಕೆ ಹರಿದಿರುವುದು ಕಾಣುತ್ತದೆ. ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯಬಲ್ಲ ಜೀವಿಗಳು ಕಡಿಮೆ. ಈ ಶಿಲೀಂಧ್ರದ ಬಳಿ ಅದಕ್ಕೆ ಬೇಕಾದ ಕಿಣ್ವಗಳಿವೆ. ಉಷ್ಣವಲಯದ ಬಹುಪಾಲು ಕಾಡುಗಳ ಮಣ್ಣು, ಮೇಲಿನ ಹಸಿರು ನೋಡಿ ನಾವಂದುಕೊಳ್ಳುವಷ್ಟು ಫಲವತ್ತಲ್ಲ. ಸಾರವೆಲ್ಲ ಮರಗಳಲ್ಲೂ ಉದುರಿದ ಎಲೆ, ಕೊಂಬೆಗಳಲ್ಲೂ ಇರುತ್ತದೆ. ಆ ಸಾರವನ್ನು ಬಿಡಿಸಿ ಬೇರುಗಳಿಗೆ ಮರಳಿ ಸಿಗುವಂತೆ ಮಾಡುವವರಲ್ಲಿ ಇದೂ ಒಂದು. ನಿಮ್ಮ ಬಿದಿರಿಗೆ ಇದರಿಂದ ಲಾಭವೇ.

ಚೀನಾದಲ್ಲಿ ಇದನ್ನು ಬೆಳೆಸಿ, ಒಣಗಿಸಿ ತಿನ್ನುತ್ತಾರೆ. ಹಾಗೆಂದು ಕಾಡಿನಲ್ಲಿ ಸಿಕ್ಕಿದ್ದನ್ನು ಬರೀ ಚಿತ್ರ ನೋಡಿ ಗುರುತಿಸಿ ಬಾಯಿಗಿಡಬೇಡಿ. ಮೆಳೆಯ ಕೆಳಗಿನ ತರಗೆಲೆ ಗುಡಿಸದೆ ಬಿಡಿ; ಮುಂದಿನ ಮಳೆಗೆ ಅಲ್ಲೇ ಆಸುಪಾಸಿನಲ್ಲಿ ಮೊಟ್ಟೆಗಳನ್ನು ಹುಡುಕಿ ನೋಡಬಹುದು.