ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರವೇ ಮನೆ ಕಟ್ಟಿಕೊಟ್ಟರೆ ಸಾಕಲ್ವಾ?

ಸಾಕಾಗಲ್ಲ. 2001ರ ಜನವರಿ 26ರಂದು ಗುಜರಾತಿನ ಕಚ್ಛ್‌ನಲ್ಲಿ ಭೂಕಂಪವಾದಾಗ ಹೆಚ್ಚಿನ ಕಡೆ ದುಡ್ಡನ್ನು ಮನೆಯವರ ಕೈಗೇ ಕೊಟ್ಟರು, ಅದೂ ಕಂತಿನಲ್ಲಿ. ಪಾಯ ಸರಿಯಿದೆಯಾ, ಗೋಡೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿದ್ದಾರಾ ಅಂತ ಎಂಜಿನಿಯರ್ ನೋಡಿ ಒಪ್ಪಿದ ಮೇಲೆಯೇ ಮುಂದಿನ ಕಂತು. ಊರಿನ ಗಾರೆ ಕೆಲಸದವರಿಗೂ ತರಬೇತಿ ಸಿಕ್ಕಿತು. ಅಡುಗೆಮನೆ ಎಲ್ಲಿ, ದನ ಕಟ್ಟೋ ಜಾಗ ಎಲ್ಲಿ ಅನ್ನೋದು ಮನೆಯವರಿಗೇ ತಾನೆ ಗೊತ್ತಿರೋದು?

ಆದರೆ ಮನೆಗಿಂತ ಜಾಸ್ತಿ ಮರೆತುಹೋಗೋದು ದುಡಿಮೆ. ಕಚ್ಛ್‌ನ ಧಮಡ್ಕಾ ಊರಿನ ಖತ್ರಿ ಸಮುದಾಯದವರು ತಲೆಮಾರುಗಳಿಂದ ಅಜ್ರಖ್ ಬಟ್ಟೆಗೆ ಮರದ ಅಚ್ಚು ಒತ್ತಿ ಬಣ್ಣ ಹಾಕುತ್ತಿದ್ದವರು. ಈ ಕೆಲಸದಲ್ಲಿ ಬಟ್ಟೆಯನ್ನು ಮತ್ತೆ ಮತ್ತೆ ತೊಳೆಯಬೇಕು. ಭೂಕಂಪದ ನಂತರ ಅಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ ಬಣ್ಣ ಕೆಡತೊಡಗಿತು. ಹೊಸ ಮನೆ ಕೊಟ್ಟರೂ ಆ ನೀರಲ್ಲಿ ಏನು ಮಾಡೋದು? ಹಲವು ಕುಟುಂಬಗಳು ಕಚ್ಛ್‌ನ ಭುಜ್ ಪಟ್ಟಣದ ಹತ್ತಿರ ನೀರು ಸಿಗುವ ಜಾಗ ನೋಡಿ ಹೊಸ ಊರನ್ನೇ ಕಟ್ಟಿಕೊಂಡವು. ಹೆಸರು ಅಜ್ರಖ್‌ಪುರ.

ದೂರದಿಂದ ಸಹಾಯ ಮಾಡುವವರು ಸುಮ್ನೆ ಹಳೇ ಬಟ್ಟೆ ಮೂಟೆ ಕಳಿಸಬೇಡಿ. ಹಣ ಕೊಡಿ, ಇಲ್ಲಾ ಅವರು ಮಾಡಿದ ಮಾಲು ಕೊಳ್ಳಿ. ಮೂರು ತಿಂಗಳಾದ ಮೇಲೆ ಕೊಟ್ಟರೂ ತಡವೇನಲ್ಲ, ಅಷ್ಟರಲ್ಲಿ ಟಿ.ವಿ.ಯವರು ಅಲ್ಲಿಂದ ಹೊರಟು ಜನ ಮರೆತಿರುತ್ತಾರೆ, ಆದರೆ ನೆರವು ಇನ್ನೂ ಬೇಕಿರುತ್ತೆ.