ಶೇರ್ ಬಂತು, ಆರ್ಡರ್ ಎಲ್ಲಿ?

ಆನ್‌ಲೈನ್ ಜಾಹೀರಾತಿನ ಬಗ್ಗೆ ಏನೇ ಇದ್ದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಶೇರ್ ಬಗ್ಗೆಯೇ, ಅಂದರೆ ಜನ ಒಂದು ಪೋಸ್ಟನ್ನು ಇನ್ನೊಬ್ಬರಿಗೆ ಕಳಿಸುವುದರ ಬಗ್ಗೆಯೇ ಇವೆ. ಮೊದಲನೇ ಪತ್ರಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು. ಉಳಿದವರು ಬೇಸರ ಮಾಡ್ಕೋಬೇಡಿ, ಅದರಲ್ಲಿ ನಿಮಗೂ ಪಾಲಿದೆ.

ಪ್ರಶ್ನೆ: ಮೇಡಂ, ನಮ್ಮದು ಸಾಗರದ ಹತ್ತಿರ ಹಳ್ಳಿ. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುತ್ತೇನೆ. ಅರ್ಧ ಕಿಲೋ ಬಾಟಲಿಗೆ 350 ರೂಪಾಯಿ. ಅತ್ತೆ ಮಿಡಿ ತೊಳೆದು ಉಪ್ಪಿಗೆ ಹಾಕುವ ರೀಲ್‌ಗೆ 1,500 ರೂಪಾಯಿ ಕೊಟ್ಟು, ಹೆಚ್ಚು ಜನಕ್ಕೆ ಕಾಣಲಿ ಅಂತ ಬೂಸ್ಟ್ ಮಾಡಿದೆ. 18,000 ಜನ ನೋಡಿದರು, 640 ಶೇರ್ ಬಂತು, ಆರ್ಡರ್ ಮಾತ್ರ 11. ಬಾಟಲಿಯ ಫೋಟೋ ಹಾಕಿ ಬೆಲೆ ಬರೆದ ಜಾಹೀರಾತಿಗೂ ಅಷ್ಟೇ ದುಡ್ಡು ಹಾಕಿದ್ದೆ. 9,000 ಜನ ನೋಡಿದರು, ಶೇರ್ 14, ಆರ್ಡರ್ 23. ಹಾಗಾದರೆ ಶೇರ್‌ನಿಂದ ಏನೂ ಉಪಯೋಗ ಇಲ್ಲವಾ? ರೀಲ್ ಮಾಡುವುದೇ ಬಿಡಲಾ?

ಉತ್ತರ: ಬಿಡಬೇಡಿ. ಲೆಕ್ಕ ಇಷ್ಟು ಚೊಕ್ಕವಾಗಿ ಬರೆದು ಕಳಿಸಿದ್ದಕ್ಕೆ ಮೊದಲು ಶಭಾಷ್. ನನ್ನ ಹತ್ತಿರ ಬರುವ ದೊಡ್ಡ ಅಂಗಡಿಯವರೂ ಇಷ್ಟು ಸರಿಯಾಗಿ ಹೇಳುವುದಿಲ್ಲ. "ಚೆನ್ನಾಗಿ ಓಡ್ತು ಮೇಡಂ" ಅಂತಾರೆ, ಏನು ಓಡಿತೋ ದೇವರೇ ಬಲ್ಲ.

ನಿಮ್ಮ ಅಂಕಿಗಳನ್ನೇ ನೋಡೋಣ. ರೀಲ್ ನೋಡಿದ ನೂರು ಜನರಲ್ಲಿ ಮೂರೂವರೆ ಜನ ಅದನ್ನು ಇನ್ನೊಬ್ಬರಿಗೆ ಕಳಿಸಿದ್ದಾರೆ. ಬಾಟಲಿ ಫೋಟೋವನ್ನು ಸಾವಿರಕ್ಕೆ ಒಬ್ಬಿಬ್ಬರು ಕಳಿಸಿದ್ದಾರೆ. ಒಂದು ಆರ್ಡರ್‌ಗೆ ತಗುಲಿದ ಖರ್ಚು ರೀಲ್‌ನಲ್ಲಿ 136 ರೂಪಾಯಿ, ಫೋಟೋದಲ್ಲಿ 65. ಇಷ್ಟು ನೋಡಿದರೆ ಫೋಟೋ ಗೆದ್ದಿತು ಅನಿಸುತ್ತದೆ. ಆದರೆ ಒಂದು ಮಾತು ನೀವು ಬರೆದಿಲ್ಲ. ಬೂಸ್ಟ್ ಒತ್ತಿದಾಗ ನಿಮಗೆ ಏನು ಬೇಕು ಅಂತ ಅದು ಕೇಳುತ್ತದೆ. ಪ್ರೊಫೈಲ್ ನೋಡುವವರು ಬೇಕಾ, ವೆಬ್‌ಸೈಟಿಗೆ ಬರುವವರು ಬೇಕಾ, ಮೆಸೇಜ್ ಮಾಡುವವರು ಬೇಕಾ? ರೀಲ್‌ಗೆ ನೀವು ಮೊದಲನೆಯದನ್ನು ಒತ್ತಿರುತ್ತೀರಿ, ಫೋಟೋಗೆ ಮೆಸೇಜ್ ಒತ್ತಿರುತ್ತೀರಿ ಅಂತ ನನ್ನ ಅನುಮಾನ. ಹಾಗಿದ್ದರೆ ಎರಡನ್ನೂ ಹೋಲಿಸುವ ಹಾಗೇ ಇಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಯಂತ್ರ ನೀವು ಕೇಳಿದ್ದನ್ನೇ ಹುಡುಕಿ ಕೊಡುತ್ತದೆ. ಇಣುಕಿ ನೋಡುವವರನ್ನು ಕೇಳಿದರೆ ಇಣುಕುವವರು ಸಿಗುತ್ತಾರೆ, ಮೆಸೇಜ್ ಮಾಡುವವರನ್ನು ಕೇಳಿದರೆ ಅಂಥವರು ಸಿಗುತ್ತಾರೆ.

ಇನ್ನು ಆ 640 ಶೇರ್. ಅದು ದುಡ್ಡಲ್ಲ ನಿಜ, ಆದರೆ ಸುಮ್ನೆ ಬಂದದ್ದೂ ಅಲ್ಲ. ಯಾರು ಯಾರಿಗೆ ಕಳಿಸಿದರು ಅಂತ ಇನ್‌ಸ್ಟಾಗ್ರಾಂ ತೋರಿಸುವುದಿಲ್ಲ, ಎಷ್ಟು ಅಂತ ಮಾತ್ರ ಹೇಳುತ್ತದೆ. ಯಾಕೆ ಕಳಿಸಿದರು ಅನ್ನುವುದು ಗೊತ್ತಾಗಬೇಕಾದರೆ ಕಾಮೆಂಟ್ ಓದಬೇಕು. ನೀವು ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನು ನಾನು ಕೂತು ಓದಿದೆ. ಒಬ್ಬರು ತಂಗಿಯನ್ನು ಟ್ಯಾಗ್ ಮಾಡಿ "ನೋಡೇ, ಅಜ್ಜಿ ಹೀಗೇ ತೊಟ್ಟು ಬಿಡ್ತಿದ್ಳು ಅಲ್ವಾ" ಅಂದಿದ್ದಾರೆ. ಇನ್ನೊಬ್ಬರು "ಸೊನೆ ವಾಸನೆ ಪುಣೆವರೆಗೂ ಬಂತು" ಅಂದಿದ್ದಾರೆ. ಮತ್ತೊಬ್ಬರು ಜೀರಿಗೆ ಪರಿಮಳದ ಮಿಡಿಯೋ ಬೇರೆಯದೋ ಅಂತ ಕೇಳಿದ್ದಾರೆ. ಅವರ ಪ್ರಶ್ನೆಗೆ ನೀವು ಉತ್ತರವನ್ನೇ ಕೊಟ್ಟಿಲ್ಲ! ಪರಿಮಳ ಯಾವುದು ಅಂತ ಕೇಳುವವರು ಕೊಳ್ಳಲು ಬಂದವರು ತಂಗೀ. ಇವತ್ತೇ ಉತ್ತರ ಬರೆಯಿರಿ.

ಅಂದರೆ ಈ ರೀಲನ್ನು ಕಳಿಸಿದವರು ಊರು ಬಿಟ್ಟು ಹೋದ ಮಲೆನಾಡಿನವರೇ ಇರಬೇಕು. ಅಕ್ಕ ತಂಗಿಗೆ, ಅಮ್ಮ ಮಗಳಿಗೆ ಕಳಿಸಿರಬೇಕು. ಬಾಟಲಿ ಫೋಟೋ ನೋಡಿ ಯಾರಿಗೂ ಯಾರ ನೆನಪೂ ಬರುವುದಿಲ್ಲ. ಅದು ಬೇಕಾದವರಿಗೆ ಬೆಲೆ ಹೇಳುತ್ತದೆ, ಅಷ್ಟೇ. ನಿಮಗೆ ಎರಡೂ ಬೇಕು, ಒಂದಾದ ಮೇಲೆ ಒಂದು ಬೇಕು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಆ ರೀಲನ್ನೇ ಕತ್ತರಿಸಿ ಚಿಕ್ಕದು ಮಾಡಿ. ಶುರುವಿಗೆ ಅತ್ತೆಯ ಕೈ, ಮಿಡಿ, ಉಪ್ಪು. ಕೊನೆಗೆ ಬಾಟಲಿ, ಬೆಲೆ, ಯಾವ ಊರಿಗೆಲ್ಲ ಕೊರಿಯರ್ ಹೋಗುತ್ತದೆ ಅನ್ನುವ ಒಂದು ಸಾಲು. ಮೇಲೆ ಬರೆಯುವ ಸಾಲು ನೀವು ಹೊಸೆಯಬೇಡಿ, ನಾನೂ ಹೊಸೆಯುವುದಿಲ್ಲ. "ಸೊನೆ ವಾಸನೆ ಪುಣೆವರೆಗೂ ಬಂತು" ಅನ್ನುವುದನ್ನು ಮೀರಿಸುವ ಸಾಲು ನನ್ನ ಕೈಯಲ್ಲಂತೂ ಆಗದು. ಬರೆದವರಿಗೆ ಒಂದು ಮಾತು ಕೇಳಿ ಹಾಕಿಕೊಳ್ಳಿ, ಖುಷಿಯಿಂದ ಹೂಂ ಅಂತಾರೆ. ಹಿನ್ನೆಲೆಗೆ ಸಿನಿಮಾ ಹಾಡು ಬೇಡ. ಹಕ್ಕು ಇರುವ ಹಾಡು ಹಾಕಿದ ರೀಲನ್ನು ಬೂಸ್ಟ್ ಮಾಡಲು ಬಿಡುವುದಿಲ್ಲ.

ಮೊದಲು ಇದನ್ನು ದುಡ್ಡಿಲ್ಲದೆ ನಿಮ್ಮ ಪುಟದಲ್ಲಿ ಹಾಕಿ ಒಂದೆರಡು ದಿನ ಬಿಡಿ. ಜನ ಇನ್ನೊಬ್ಬರಿಗೆ ಕಳಿಸುವ ಪೋಸ್ಟನ್ನು ಇನ್‌ಸ್ಟಾಗ್ರಾಂ ತಾನಾಗೇ ಹೊಸಬರಿಗೆ ತೋರಿಸುತ್ತದೆ. ಅದರ ಮುಖ್ಯಸ್ಥ ಆಡಂ ಮೊಸ್ಸೆರಿಯೇ 2025ರ ಜನವರಿಯಲ್ಲಿ ಇದನ್ನು ಹೇಳಿದ್ದಾರೆ. ನಿಮ್ಮನ್ನು ಫಾಲೋ ಮಾಡದವರನ್ನು ಮುಟ್ಟಬೇಕಾದರೆ ಲೈಕ್‌ಗಿಂತ ಕಳಿಸುವುದೇ ಜಾಸ್ತಿ ಲೆಕ್ಕಕ್ಕೆ ಬರುತ್ತದಂತೆ. ಶೇರ್ ಬರತೊಡಗಿದರೆ ಅದೇ ಪೋಸ್ಟನ್ನು ಜಾಹೀರಾತು ಮಾಡಿ. ಆಡ್ಸ್ ಮ್ಯಾನೇಜರ್ ಅನ್ನುವ ಮೆಟಾದ ಜಾಹೀರಾತು ಪುಟದಲ್ಲಿ, ಈಗಾಗಲೇ ಹಾಕಿರುವ ಪೋಸ್ಟನ್ನೇ ಆರಿಸಿಕೊಳ್ಳುವ ಆಯ್ಕೆ ಇದೆ. ಹಾಗೆ ಮಾಡಿದರೆ ಹಳೆಯ ಲೈಕ್, ಕಾಮೆಂಟ್ ಎಲ್ಲ ಅಲ್ಲೇ ಉಳಿಯುತ್ತವೆ. ಹೊಸದಾಗಿ ಅಪ್‌ಲೋಡ್ ಮಾಡಿದರೆ ಸೊನ್ನೆಯಿಂದ ಶುರು.

ಆಮೇಲೆ ಎರಡನೇ ಸುತ್ತು. ವಿಡಿಯೋವನ್ನು ಮುಕ್ಕಾಲು ಭಾಗ ನೋಡಿದವರು, ಪೋಸ್ಟ್ ಸೇವ್ ಮಾಡಿಕೊಂಡವರು, ನಿಮ್ಮ ಪುಟಕ್ಕೆ ಬಂದು ಹೋದವರು, ಇವರನ್ನೆಲ್ಲ ಸೇರಿಸಿ ಒಂದು ಕಸ್ಟಮ್ ಆಡಿಯನ್ಸ್ ಮಾಡಬಹುದು. ಬಾಟಲಿಯ ಫೋಟೋವನ್ನು ಇವರಿಗೆ ಮಾತ್ರ ತೋರಿಸಿ, ಮೆಸೇಜ್ ಬೇಕು ಅಂತ ಒತ್ತಿ. ನಿಮ್ಮ ಫಾಲೋವರ್‌ಗಳು ಯಾವ ಊರಿನವರು ಜಾಸ್ತಿ ಅನ್ನುವುದು ಇನ್‌ಸೈಟ್ಸ್ ಅನ್ನುವ ಅಂಕಿಅಂಶದ ಪುಟದಲ್ಲಿ ಇದೆ. ಅಲ್ಲಿ ಬೆಂಗಳೂರು, ಮುಂಬೈ, ಪುಣೆ ಕಂಡರೆ ಮೊದಲ ಸುತ್ತಿನ ದುಡ್ಡನ್ನು ಆ ಊರುಗಳಿಗೇ ಹಾಕಿ. ಸಾಗರದಲ್ಲಿ ಅಪ್ಪೆಮಿಡಿ ಜಾಹೀರಾತು ತೋರಿಸಿ ಏನು ಮಾಡ್ತೀರಿ, ಎಲ್ಲರ ಮನೆಯಲ್ಲೂ ಭರಣಿ ತುಂಬಾ ಇರುತ್ತದೆ.

ಒಂದು ಎಚ್ಚರ. 3,000 ರೂಪಾಯಿಯನ್ನು ಐದು ಜಾಹೀರಾತಿಗೆ ಹಂಚಬೇಡಿ. ಒಂದು ಆಡ್ ಸೆಟ್‌ಗೆ, ಅಂದರೆ ಒಂದೇ ಗುರಿಯ ಜಾಹೀರಾತು ಗುಂಪಿಗೆ, ವಾರಕ್ಕೆ ಸುಮಾರು 50 ಫಲಿತಾಂಶ ಸಿಕ್ಕರೆ ಯಾರಿಗೆ ತೋರಿಸಬೇಕು ಅಂತ ಯಂತ್ರ ಕಲಿತು ನೆಲೆಗೊಳ್ಳುತ್ತದೆ ಅಂತ ಮೆಟಾ ಹೇಳುತ್ತದೆ. ಚಿಕ್ಕ ಬಜೆಟ್‌ನಲ್ಲಿ ಅಷ್ಟು ಮುಟ್ಟುವುದೇ ಕಷ್ಟ, ಒಡೆದು ಹಂಚಿದರೆ ಯಾವುದೂ ಮುಟ್ಟುವುದಿಲ್ಲ.

ಪ್ರಶ್ನೆ: ಇಳಕಲ್ ಸೀರೆ ಅಂಗಡಿ ನಮ್ಮದು. ಫೇಸ್‌ಬುಕ್ ಜಾಹೀರಾತು ಕೊಡುತ್ತೇವೆ, ವೆಬ್‌ಸೈಟೂ ಇದೆ. ಆದರೆ ಬರುವವರೆಲ್ಲ "ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ರು" ಅಂತಾರೆ. ಸೈಟಿಗೆ ಜನ ಎಲ್ಲಿಂದ ಬಂದರು ಅಂತ ತೋರಿಸುವ ಗೂಗಲ್ ಅನಾಲಿಟಿಕ್ಸ್ ತೆಗೆದರೆ ಅರ್ಧಕ್ಕರ್ಧ ಜನ "ಡೈರೆಕ್ಟ್". ಜಾಹೀರಾತಿನ ದುಡ್ಡು ದಂಡವಾಗುತ್ತಿದೆಯಾ ಅಂತ ಹೇಗೆ ತಿಳಿಯುವುದು?

ಉತ್ತರ: ಸರ್, "ಡೈರೆಕ್ಟ್" ಅಂದರೆ ಅಷ್ಟೂ ಜನ ನಿಮ್ಮ ವೆಬ್‌ಸೈಟ್ ಹೆಸರನ್ನು ಟೈಪ್ ಮಾಡಿ ಬಂದರು ಅಂತ ಅಲ್ಲ. ಎಲ್ಲಿಂದ ಬಂದರು ಅಂತ ಗೊತ್ತಾಗದವರನ್ನೆಲ್ಲ ಅನಾಲಿಟಿಕ್ಸ್ ಆ ಗುಂಪಿಗೆ ಹಾಕುತ್ತದೆ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿದವರಲ್ಲಿ ತುಂಬಾ ಜನ ಅಲ್ಲೇ ಹೋಗಿ ಸೇರುತ್ತಾರೆ. ಇಂಥ ಕಣ್ಣಿಗೆ ಕಾಣದ ಹಂಚಿಕೆಗೆ ಅಮೆರಿಕದ ಪತ್ರಕರ್ತ ಅಲೆಕ್ಸಿಸ್ ಮಾಡ್ರಿಗಲ್ 2012ರಲ್ಲೇ "ಡಾರ್ಕ್ ಸೋಷಿಯಲ್" ಅಂತ ಹೆಸರಿಟ್ಟರು. ನಮ್ಮಲ್ಲಂತೂ ಮನೆಯವರ ಗುಂಪು, ಬೀಗರ ಗುಂಪು, ಅಪಾರ್ಟ್‌ಮೆಂಟ್ ಗುಂಪು, ವ್ಯಾಪಾರವೆಲ್ಲ ಅಲ್ಲೇ. ಮೆಸೇಜ್‌ಗೆ ಬೀಗ ಇರುತ್ತದೆ, ಒಳಗೆ ಏನು ಓಡಾಡಿತು ಅಂತ ನಿಮಗೂ ಕಾಣದು, ಗೂಗಲ್‌ಗೂ ಕಾಣದು.

ಕಾಣುವಷ್ಟನ್ನು ಕಾಣುವ ಹಾಗೆ ಮಾಡಿಕೊಳ್ಳಬಹುದು. ಪ್ರತಿ ಲಿಂಕ್‌ನ ಬಾಲಕ್ಕೆ ಯುಟಿಎಂ ಅನ್ನುವ ಗುರುತು ಸೇರಿಸಿ. ಯುಟಿಎಂನಲ್ಲಿರುವ "ಯು" ಅಂದರೆ ಅರ್ಚಿನ್, 2005ರಲ್ಲಿ ಗೂಗಲ್ ಕೊಂಡ ಕಂಪನಿ. ಅನಾಲಿಟಿಕ್ಸ್ ಹುಟ್ಟಿದ್ದೇ ಅದರಿಂದ. ಫೇಸ್‌ಬುಕ್ ಜಾಹೀರಾತಿಗೆ ಒಂದು ಗುರುತು, ಅಂಗಡಿಯವರು ವಾಟ್ಸಾಪ್‌ನಲ್ಲಿ ಕಳಿಸುವ ಲಿಂಕ್‌ಗೆ ಇನ್ನೊಂದು. ಆ ಲಿಂಕನ್ನು ಗಿರಾಕಿ ಹತ್ತು ಜನಕ್ಕೆ ಕಳಿಸಿದರೂ ಗುರುತು ಜೊತೆಗೇ ಹೋಗುತ್ತದೆ. ಹಾಗಾಗಿ ಜಾಹೀರಾತು ನೋಡಿದವಳು ಗೆಳತಿಗೆ ಕಳಿಸಿ, ಆ ಗೆಳತಿ ಕೊಂಡರೂ ಅದು ಜಾಹೀರಾತಿನ ಖಾತೆಗೇ ಬರುತ್ತದೆ.

ಇನ್ನೊಂದು ನನಗೆ ಇದಕ್ಕಿಂತ ಇಷ್ಟವಾದ ಉಪಾಯ. ವಾಟ್ಸಾಪ್ ಚಾಟ್ ತೆರೆಯುವ ಲಿಂಕ್ ಮಾಡುವಾಗ ಗಿರಾಕಿ ಪರವಾಗಿ ಒಂದು ಸಾಲು ಮೊದಲೇ ಬರೆದಿಡಬಹುದು. ಟೋಪಿ ತೆನೆ ಸೆರಗಿನ ಜಾಹೀರಾತಿಗೆ "ಟೋಪಿ ತೆನೆ ಸೀರೆ ನೋಡಿದೆ, ಬೆಲೆ ಹೇಳಿ", ಕಸೂತಿಯದಕ್ಕೆ "ಕಸೂತಿ ಸೀರೆ ಬೇಕಿತ್ತು". ಬಂದ ಮೊದಲ ಮೆಸೇಜ್ ನೋಡಿದರೆ ಯಾವ ಜಾಹೀರಾತು ಅಂತ ಗೊತ್ತಾಗಿಬಿಡುತ್ತದೆ. ಸಾಫ್ಟ್‌ವೇರ್ ಏನೂ ಬೇಡ, ಗಲ್ಲಾದ ಮೇಲೆ ಒಂದು ನೋಟ್‌ಬುಕ್ ಸಾಕು. ಹುಬ್ಬಳ್ಳಿಯಲ್ಲಿ ನಾನು ಕೆಲಸ ಮಾಡಿಕೊಡುವ ಕುಸುಬಿ ಎಣ್ಣೆ ಗಾಣದವರು ಹೀಗೇ ಬರೆದಿಡುತ್ತಾರೆ. ಗಾಣದ ಫೋಟೋಗಿಂತ "ಯಾವ ಅಡುಗೆಗೆ ಯಾವ ಎಣ್ಣೆ" ಅನ್ನುವ ಸಾದಾ ಚೀಟಿ ಹೆಚ್ಚು ಗಿರಾಕಿ ತರುತ್ತದೆ ಅಂತ ಅವರಿಗೆ ತಿಳಿದದ್ದು ಆ ನೋಟ್‌ಬುಕ್‌ನಿಂದಲೇ. ಅದನ್ನು ಜನ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಈಗ ಜಾಹೀರಾತಿನ ದುಡ್ಡೆಲ್ಲ ಆ ಚೀಟಿಗೇ.

ಅಂದ ಹಾಗೆ, ನಿಮ್ಮ ಪೋಸ್ಟರ್‌ಗೆ "ತುಂಬಾ ಸಲ ಫಾರ್ವರ್ಡ್ ಆಗಿದೆ" ಅನ್ನುವ ಜೋಡಿ ಬಾಣದ ಗುರುತು ಬಂತು ಅಂದರೆ ಹಿಗ್ಗಬೇಡಿ. 2020ರ ಏಪ್ರಿಲ್‌ನಿಂದ ಅಂಥ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಓಟ ಅಲ್ಲಿಗೆ ನಿಧಾನ. ತಿಂಗಳಿಗೊಂದು ಹೊಸ ಪೋಸ್ಟರ್ ಮಾಡಿ.

ಪ್ರಶ್ನೆ: ಮೈಸೂರಿನಲ್ಲಿ ಹವ್ಯಾಸಿ ನಾಟಕ ತಂಡ ನಡೆಸುತ್ತೇವೆ. ಟಿಕೆಟ್ ಲಿಂಕ್ ಹಾಕಿದ ಪೋಸ್ಟನ್ನು ಜನ ಧಾರಾಳವಾಗಿ ಶೇರ್ ಮಾಡುತ್ತಾರೆ, ಲಿಂಕ್ ಒತ್ತುವವರೇ ಇಲ್ಲ. ಏನಿದು?

ಉತ್ತರ: ಇದು ನಿಮಗೊಬ್ಬರಿಗೇ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸ್‌ನ ಇನ್ರಿಯಾ ಸಂಸ್ಥೆಯವರು 2016ರಲ್ಲಿ ಟ್ವಿಟರ್ ಲಿಂಕ್‌ಗಳನ್ನು ಲೆಕ್ಕ ಹಾಕಿದರು. ಶೇರ್ ಆದ ಲಿಂಕ್‌ಗಳಲ್ಲಿ 59 ಶೇಕಡಾವನ್ನು ಒಬ್ಬರೂ ಒತ್ತಿರಲಿಲ್ಲ! ಗೆಳೆಯರು ನಾಟಕ ಮಾಡುತ್ತಿದ್ದಾರೆ, ಶೇರ್ ಮಾಡಿದರೆ ಋಣ ತೀರಿತು ಅನ್ನುವವರೇ ಜಾಸ್ತಿ. ಅದಕ್ಕೇ ತಾರೀಕು, ಜಾಗ, ಟಿಕೆಟ್ ದರ ಮೂರೂ ಚಿತ್ರದಲ್ಲೇ ದಪ್ಪಕ್ಷರದಲ್ಲಿ ಇರಲಿ. ಲಿಂಕ್ ಒತ್ತದವರೂ ಸಂಜೆ ಕೌಂಟರ್‌ಗೆ ಬರುತ್ತಾರೆ. ಮತ್ತೆ, ಯಾವ ಪೋಸ್ಟ್‌ಗೆ ದುಡ್ಡು ಹಾಕಬೇಕು ಅಂತ ಆರಿಸುವಾಗ ಶೇರ್ ಮತ್ತು ಕ್ಲಿಕ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಟ್ಟಿಗೆ ಏರಿದ ಪೋಸ್ಟ್ ಯಾವುದೋ ಅದಕ್ಕೆ ಹಾಕಿ.

ಪ್ರಶ್ನೆ: ದಾವಣಗೆರೆಯಲ್ಲಿ ಕೋಚಿಂಗ್ ಸೆಂಟರ್ ಇದೆ. ಒಬ್ಬರು ದುಡ್ಡು ಕೊಟ್ಟರೆ 10,000 ಶೇರ್ ತರಿಸುತ್ತೇನೆ ಅಂತಿದ್ದಾರೆ. ಇಲ್ಲದಿದ್ದರೆ "ಶೇರ್ ಮಾಡಿ, ಬ್ಯಾಗ್ ಗೆಲ್ಲಿ" ಸ್ಪರ್ಧೆ ಮಾಡೋಣ ಅಂತಿದ್ದೇನೆ. ಯಾವುದು ಒಳ್ಳೆಯದು?

ಉತ್ತರ: ಎರಡೂ ಬೇಡ. ಕೊಂಡ ಶೇರ್ ಹೆಚ್ಚಾಗಿ ಖೊಟ್ಟಿ ಖಾತೆಗಳದ್ದು. ನಷ್ಟ ಅಲ್ಲಿಗೇ ಮುಗಿಯುವುದಿಲ್ಲ. ನಾಳೆ ನೀವು ನಿಮ್ಮ ಪೋಸ್ಟ್ ಮುಟ್ಟಿದವರಂಥವರನ್ನೇ ಹುಡುಕಿ ಅಂತ ಲುಕ್‌ಅಲೈಕ್ ಆಡಿಯನ್ಸ್ ಮಾಡಿದರೆ, ಆ ಖೊಟ್ಟಿಗಳನ್ನೇ ಮಾದರಿ ಮಾಡಿಕೊಂಡು ಯಂತ್ರ ಹುಡುಕಲು ಹೊರಡುತ್ತದೆ. ಇನ್ನು ಸ್ಪರ್ಧೆ. ಸ್ವಂತ ಟೈಮ್‌ಲೈನ್‌ನಲ್ಲಿ ಶೇರ್ ಮಾಡಿದರೆ ಮಾತ್ರ ಪ್ರವೇಶ ಅನ್ನುವುದು ಫೇಸ್‌ಬುಕ್ ನಿಯಮಕ್ಕೇ ವಿರುದ್ಧ. ಬ್ಯಾಗ್ ಆಸೆಗೆ ಬಂದವರು ಕೋಚಿಂಗ್‌ಗೆ ಸೇರುವವರೂ ಅಲ್ಲ ಬಿಡಿ. ನಿಮ್ಮ ಮೇಷ್ಟ್ರು ಒಂದು ಲೆಕ್ಕವನ್ನು ಬೋರ್ಡ್ ಮೇಲೆ ಬಿಡಿಸುವ ವಿಡಿಯೋ ಹಾಕಿ. ಹುಡುಗರು ಕ್ಲಾಸ್ ಗುಂಪಿಗೆ ಕಳಿಸುತ್ತಾರೆ.

ಪ್ರಶ್ನೆ: ಮಂಗಳೂರಿನಲ್ಲಿ ಬಿಕಾಂ ಓದುತ್ತಿದ್ದೇನೆ, ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸವೂ ನನ್ನದೇ. ಪುಟಗಳ ಕೆಳಗಿರುವ ಶೇರ್ ಬಟನ್‌ಗಳಿಂದ ಜಾಹೀರಾತಿಗೆ ಮಾಹಿತಿ ಹೋಗುತ್ತದೆ ಅಂತಾರೆ. ನಿಜವಾ?

ಉತ್ತರ: ತುಂಬಾ ಕಾಲ ನಿಜವಾಗಿತ್ತು. ಆಡ್‌ದಿಸ್ ಅಂತ ಒಂದು ಸೇವೆ ಇತ್ತು. ಲಕ್ಷಗಟ್ಟಲೆ ವೆಬ್‌ಸೈಟ್‌ಗಳು ಅದರ ಬಟನ್ ಹಾಕಿಕೊಂಡಿದ್ದವು, ಪುಕ್ಕಟೆ ಅಂತ. ಬಟನ್ ಬರುತ್ತಿದ್ದುದು ಅವರ ಸರ್ವರ್‌ನಿಂದ, ಜೊತೆಗೆ ಬ್ರೌಸರನ್ನು ಗುರುತು ಹಿಡಿಯುವ ಅವರ ಕುಕಿ ಅನ್ನುವ ಚಿಕ್ಕ ಫೈಲೂ ಬರುತ್ತಿತ್ತು. ನೀವು ಬಟನ್ ಒತ್ತದಿದ್ದರೂ ಸರಿ, ಈ ಬ್ರೌಸರ್ ಬೆಳಿಗ್ಗೆ ಕ್ಯಾಮೆರಾ ಪುಟ ನೋಡಿತು, ಸಂಜೆ ಊಟಿ ಪ್ರವಾಸದ ಲೇಖನ ಶೇರ್ ಮಾಡಿತು ಅಂತ ಅವರಿಗೆ ಗೊತ್ತಾಗುತ್ತಿತ್ತು. ಅದನ್ನು "ಪ್ರವಾಸದ ಆಸಕ್ತಿ" ಅಂತ ಕಟ್ಟುಕಟ್ಟಿ ಜಾಹೀರಾತಿನವರಿಗೆ ಕೊಡುವುದು ವ್ಯಾಪಾರ. ಒರಾಕಲ್ ಕಂಪನಿ ಆಡ್‌ದಿಸ್ ಅನ್ನು 2016ರಲ್ಲಿ ಕೊಂಡಿದ್ದೂ ಆ ಮಾಹಿತಿಗಾಗಿಯೇ. ಆಮೇಲೆ ಗಾಳಿ ತಿರುಗಿತು. ಸಫಾರಿ ಬ್ರೌಸರ್ 2020ರಲ್ಲಿ ಇಂಥ ಹೊರಗಿನ ಕುಕಿಗಳನ್ನೆಲ್ಲ ತಡೆಯಿತು. ಆಪಲ್ 2021ರಲ್ಲಿ ಫೋನ್ ಆಪ್‌ಗಳಿಗೂ "ಮೊದಲು ಅನುಮತಿ ಕೇಳಿ" ಅಂದಿತು. ಆಡ್‌ದಿಸ್ 2023ರ ಮೇ 31ಕ್ಕೆ ಮುಚ್ಚಿತು. ಮರುವರ್ಷ ಒರಾಕಲ್ ತನ್ನ ಜಾಹೀರಾತು ವ್ಯವಹಾರವನ್ನೇ ನಿಲ್ಲಿಸಿತು.

ಶೇರ್‌ದಿಸ್‌ನಂಥವರು ಈಗಲೂ ಬಟನ್ ಕೊಡುತ್ತಾರೆ, ಮಾಹಿತಿಯ ವ್ಯಾಪಾರವೂ ಇದೆ. ಕಾಲೇಜಿನ ಪುಟಕ್ಕೆ ಅವೆಲ್ಲ ಯಾಕೆ? ವಾಟ್ಸಾಪ್‌ಗೆ, ಫೇಸ್‌ಬುಕ್‌ಗೆ ಕಳಿಸುವ ಸಾದಾ ಲಿಂಕನ್ನು ನೀವೇ ಬರೆದು ಹಾಕಬಹುದು. ಆಗ ಹೊರಗಿನವರ ಕೋಡ್ ನಿಮ್ಮ ಪುಟಕ್ಕೆ ಬರುವುದಿಲ್ಲ. ಪ್ರವೇಶದ ಜಾಹೀರಾತಿಗೆ ಹಳೆ ವಿದ್ಯಾರ್ಥಿಗಳ ಫೋನ್ ನಂಬರ್ ಪಟ್ಟಿಯನ್ನು ಫೇಸ್‌ಬುಕ್‌ಗೆ ಏರಿಸೋಣ ಅಂತ ಯಾರಾದರೂ ಅಂದರೆ, ಅವರ ಒಪ್ಪಿಗೆ ಇದೆಯಾ ಅಂತ ಮೊದಲು ಕೇಳಿ. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಇವತ್ತು ಮಾಡಬೇಕಾದ ಕೆಲಸ ಇಷ್ಟೇ: ಹಳೆಯ ಪುಟಗಳ ಕೋಡ್‌ನಲ್ಲಿ ಆಡ್‌ದಿಸ್ ಹೆಸರು ಹುಡುಕಿ, ಸಿಕ್ಕ ಕಡೆಯೆಲ್ಲ ಅಳಿಸಿ. ಸೇವೆ ಮುಚ್ಚಿದರೂ ಅದರ ಸಾಲುಗಳು ಹಳೆಯ ಸೈಟುಗಳಲ್ಲಿ ಹಾಗೇ ಉಳಿದುಬಿಟ್ಟಿರುತ್ತವೆ.