ಟೇಪ್ ಜೊತೆ ಬಣ್ಣವೂ ಕಿತ್ತು ಬಂದರೆ: ಮಾಡೆಲ್ ಕಿಟ್ ಓದುಗರಿಗೆ ಉತ್ತರ

ಪ್ರಶ್ನೆ: 1/48 ಅಳತೆಯ (ನಿಜ ಗಾತ್ರದ 48ರಲ್ಲಿ ಒಂದು ಪಾಲು) ಯುದ್ಧವಿಮಾನದ ಕಿಟ್‌ಗೆ ನೀರಿನಲ್ಲಿ ತೆಳುವಾಗುವ ಅಕ್ರಿಲಿಕ್ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಹೊಡೆದೆ. ಎರಡು ಗಂಟೆ ಬಿಟ್ಟು ಬೂದು ಬಣ್ಣ, ಮರುದಿನ ಅದರ ಮೇಲೆ ಮಾಸ್ಕಿಂಗ್ ಟೇಪ್ (ಬಣ್ಣ ಬೀಳಬಾರದ ಜಾಗ ಮುಚ್ಚುವ ಟೇಪ್). ಟೇಪ್ ತೆಗೆದರೆ ರೆಕ್ಕೆ ತುದಿಯಲ್ಲಿ ಬೆರಳಗಲ ಬಣ್ಣ ಸಿಪ್ಪೆ ಸುಲಿದ ಹಾಗೆ ಎದ್ದು ಬಂತು. ಯಾವ ಟೇಪ್ ತಗೊಂಡರೆ ಹೀಗಾಗಲ್ಲ?

ಟೇಪ್ ಬದಲಿಸಿ ಪ್ರಯೋಜನವಿಲ್ಲ. ಎದ್ದು ಬಂದ ಸಿಪ್ಪೆಯನ್ನು ತಿರುಗಿಸಿ ಅದರ ಅಡಿಭಾಗ ನೋಡಿ. ಅಲ್ಲಿ ಪ್ರೈಮರ್ ಕಂಡರೆ, ಅಂದರೆ ಮಾಡೆಲ್ ಮೇಲೆ ಬರೀ ಪ್ಲಾಸ್ಟಿಕ್ ಉಳಿದಿದ್ದರೆ, ಪ್ರೈಮರ್ ಪ್ಲಾಸ್ಟಿಕ್ಕನ್ನು ಹಿಡಿದೇ ಇರಲಿಲ್ಲ. ಮಾಡೆಲ್ ಮೇಲೆ ಪ್ರೈಮರ್ ಹಾಗೇ ಉಳಿದು ಬಣ್ಣ ಮಾತ್ರ ಬಂದಿದ್ದರೆ ತಪ್ಪು ಇನ್ನೊಂದು ಪದರದಲ್ಲಿ: ಪ್ರೈಮರ್ ಮೇಲೆ ಕೈ ಜಿಡ್ಡು ಕೂತಿತ್ತು, ಇಲ್ಲವೇ ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ ಪುಡಿಯಂತೆ ಬಿದ್ದಿತ್ತು. ನಿಮ್ಮದು ಮೊದಲ ಬಗೆಯದು ಅನ್ನಿಸುತ್ತದೆ.

ನೀರಿನ ಅಕ್ರಿಲಿಕ್ ಪ್ರೈಮರ್ ಪ್ಲಾಸ್ಟಿಕ್ಕನ್ನು ಕಚ್ಚುವುದಿಲ್ಲ, ತೆಳು ಪೊರೆಯಾಗಿ ಮೇಲೆ ಹೊದ್ದುಕೊಳ್ಳುತ್ತದೆ, ಅಷ್ಟೆ. ಮುಟ್ಟಿದರೆ ಅರ್ಧ ಗಂಟೆಯಲ್ಲೇ ಒಣಗಿದಂತಿರುತ್ತದೆ. ಆದರೆ ಪೊರೆ ಗಟ್ಟಿಯಾಗಲು ಒಂದೆರಡು ದಿನ ಬೇಕು. ಎರಡೇ ಗಂಟೆಗೆ ಮೇಲೆ ಬಣ್ಣ ಹೊಡೆದು ಮುಚ್ಚಿದ್ದು ಅದಕ್ಕೆ ಇನ್ನಷ್ಟು ಕೆಡುಕಾಯಿತು. ಲ್ಯಾಕರ್ ಪ್ರೈಮರ್‌ನ ದ್ರಾವಕವಾದರೆ ಪಾಲಿಸ್ಟೈರಿನ್ನಿನ (ಕಿಟ್‌ನ ಪ್ಲಾಸ್ಟಿಕ್) ಮೇಲ್ಮೈಯನ್ನು ಕೂದಲೆಳೆಯಷ್ಟು ಮೆದುವಾಗಿಸಿ ಅದರೊಳಕ್ಕೆ ಕಚ್ಚಿಕೊಳ್ಳುತ್ತದೆ. ಟೇಪ್ ಅಂಟಿಸುವ ಕೆಲಸ ಹೆಚ್ಚಿರುವ ಮಾಡೆಲ್‌ಗೆ ಅದೇ ಸರಿ. ಮಿಸ್ಟರ್ ಸರ್ಫೇಸರ್ 1000 ಅಥವಾ 1500 ಎಂಬ ಲ್ಯಾಕರ್ ಪ್ರೈಮರ್‌ಗೆ ಅದೇ ತಯಾರಕರ ಲೆವೆಲಿಂಗ್ ಥಿನ್ನರ್ (ಬಣ್ಣ ತೆಳುಮಾಡುವ, ನಿಧಾನವಾಗಿ ಆರುವ ದ್ರಾವಕ) ಒಂದಕ್ಕೆ ಒಂದು, ಬೇಕಿದ್ದರೆ ಒಂದಕ್ಕೆ ಎರಡು ಪಾಲು ಬೆರೆಸಿ.

ಅದಕ್ಕೂ ಮೊದಲು ತೊಳೆಯಬೇಕು. ಅಚ್ಚಿನಿಂದ ಬಿಡಿಸಲು ಬಳಸುವ ಜಿಡ್ಡು ಬಿಡಿಭಾಗಗಳ ಮೇಲೆ ಉಳಿದಿರಬಹುದು. ಜೋಡಿಸುವಾಗ ಅಂಟುವ ನಮ್ಮ ಬೆರಳಿನ ಎಣ್ಣೆಯೂ ಅಷ್ಟೇ ಕೆಟ್ಟದ್ದು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರಾವಣ ನಾಲ್ಕು ಹನಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಬಿಸಿನೀರು ಬೇಡ, ತೆಳು ರೆಕ್ಕೆ ಸೊಟ್ಟಗಾಗುತ್ತದೆ. ಬಟ್ಟೆಯಲ್ಲಿ ಒರೆಸದೆ ತಾನಾಗಿ ಆರಲು ಬಿಡಿ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ.

ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ) ನಾಜಲ್ 0.3 ಮಿ.ಮೀ., ಒತ್ತಡ 15ರಿಂದ 20 ಪಿಎಸ್‌ಐ, ದೂರ 7-8 ಸೆಂ.ಮೀ. ಮೊದಲ ಕೈ ಮಂಜು ಹಿಡಿದಂತೆ ತೆಳುವಾಗಿರಲಿ. ಐದು ನಿಮಿಷದ ನಂತರ ಎರಡನೇ ಕೈ. ಈಗ ಬೆಳಕನ್ನು ಓರೆಯಾಗಿ ಹಿಡಿದು ನೋಡುತ್ತಾ ಹೊಡೆಯಿರಿ: ಬಣ್ಣ ಬಿದ್ದ ಜಾಗ ಒಂದೆರಡು ಕ್ಷಣ ಒದ್ದೆಯಾಗಿ ಮಿನುಗಿ ಆಮೇಲೆ ಮಂಕಾಗಬೇಕು. ಮಿನುಗದೇ ಹೋದರೆ ಒಣಗಿ ಬೀಳುತ್ತಿದೆ. ಮಿನುಗು ಹಾಗೇ ನಿಂತು ಮಡುಗಟ್ಟಿದರೆ ಜಾಸ್ತಿಯಾಯಿತು, ಪ್ಯಾನೆಲ್ ಗೆರೆಗಳು (ತಗಡುಗಳ ಸಂದು ತೋರಿಸಲು ಕೊರೆದ ಗೆರೆಗಳು) ಮುಚ್ಚಿಹೋಗುತ್ತವೆ. 1/72ರಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಒಂದು ದಿನ ಬಿಟ್ಟು, 2000 ನಂಬರಿನ ಸ್ಯಾಂಡ್‌ಪೇಪರ್ ಒದ್ದೆ ಮಾಡಿ ಮೆಲ್ಲಗೆ ಒಂದು ಸುತ್ತು ಸವರಿ. ಲ್ಯಾಕರ್ ಹೊಡೆಯುವಾಗ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಕಡ್ಡಾಯ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಹತ್ತಿರ ಬೆಂಕಿ ಇರಬಾರದು.

ಈಗಿನ ಮಾಡೆಲ್ ಉಳಿಸಬಹುದೇ? ಕಿತ್ತುಹೋದ ಜಾಗದ ಸುತ್ತ ಟೇಪ್ ಒತ್ತಿ ಎಳೆದು ಪರೀಕ್ಷಿಸಿ. ಇನ್ನೂ ಬಂದರೆ ತೇಪೆ ಹಾಕುವ ಆಸೆ ಬಿಡಿ. ನೀರಿನ ಅಕ್ರಿಲಿಕ್ ಅಂಚು ಉಜ್ಜಿದರೆ ತೆಳುವಾಗುವುದಿಲ್ಲ, ರಬ್ಬರಿನಂತೆ ಸುರುಳಿ ಏಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎಲ್ಲವನ್ನೂ ತೆಗೆದು ಮೊದಲಿಂದ ಶುರು ಮಾಡುವುದೇ ಕಡಿಮೆ ಕೆಲಸ. ಉಳಿದ ಅಕ್ರಿಲಿಕ್ ಮೇಲೆಯೇ ಲ್ಯಾಕರ್ ಪ್ರೈಮರ್ ದಪ್ಪಗೆ ಹೊಡೆದರೆ ಕೆಳಗಿನದು ಸುಕ್ಕಾಗಿ ಬಿರುಕು ಬಿಡುತ್ತದೆ. ಲ್ಯಾಕರ್ ಮೇಲೆ ಅಕ್ರಿಲಿಕ್ ಅಥವಾ ಎನಾಮೆಲ್ (ಎಣ್ಣೆ ಆಧಾರದ, ನಿಧಾನವಾಗಿ ಆರುವ ಬಣ್ಣ) ನಡೆಯುತ್ತದೆ, ತಿರುವುಮುರುವಾದರೆ ಅಪಾಯ.

ಪ್ರಶ್ನೆ: ಟೇಪಿನ ಅಂಚಿನಡಿ ಬಣ್ಣ ನುಸುಳುತ್ತದೆ. ನುಸುಳದಿದ್ದರೂ ಟೇಪ್ ತೆಗೆದ ಮೇಲೆ ಗೆರೆಯುದ್ದಕ್ಕೂ ಮೆಟ್ಟಿಲಿನಂಥ ದಿಬ್ಬ ಉಳಿಯುತ್ತದೆ.

ಎರಡೂ ಒಂದೇ ತಪ್ಪಿನಿಂದ ಬರುತ್ತವೆ. ಬಣ್ಣ ಒಂದೇ ಸಲಕ್ಕೆ ದಪ್ಪಗೆ, ಟೇಪಿನ ಅಂಚಿನ ಕಡೆಗೆ ಮುಖಮಾಡಿ ಬೀಳುತ್ತಿದೆ. ಟೇಪಿನ ಮೇಲಿಂದ ಹೊರಕ್ಕೆ ಹೋಗುವಂತೆ ಕೈ ಆಡಿಸಿ, ತೆಳುವಾಗಿ ಮೂರ್ನಾಲ್ಕು ಕೈ ಹೊಡೆಯಿರಿ.

ರೋಲಿನಲ್ಲಿರುವ ಟೇಪಿನ ಅಂಚನ್ನು ಹಾಗೇ ನಂಬಬೇಡಿ, ಧೂಳು ಕೂತಿರುತ್ತದೆ, ಸಣ್ಣ ಕಚ್ಚುಗಳಿರುತ್ತವೆ. ಗಾಜಿನ ಮೇಲೆ ಅಂಟಿಸಿ, ಉಕ್ಕಿನ ಸ್ಕೇಲಿಟ್ಟು ಹೊಸ ಬ್ಲೇಡಿನಲ್ಲಿ ಅಂಚನ್ನು ಕತ್ತರಿಸಿ ಬಳಸಿ. ಅಂಟಿಸಿದ ಮೇಲೆ ಪ್ಯಾನೆಲ್ ಗೆರೆ ದಾಟುವ ಕಡೆಯೆಲ್ಲ ಟೂತ್‌ಪಿಕ್ಕಿನಿಂದ ಒತ್ತಿ. ಬಣ್ಣ ನುಸುಳುವುದು ಬಹುಪಾಲು ಆ ಕಾಲುವೆಗಳಲ್ಲೇ. ಆಮೇಲೆ ಕೆಳಗಿರುವ ಬಣ್ಣವನ್ನೇ ಅಂಚಿನುದ್ದಕ್ಕೂ ಇನ್ನೊಂದು ತೆಳು ಕೈ ಹೊಡೆಯಿರಿ. ನುಸುಳುವುದಾದರೆ ಅದು ನುಸುಳಿ ಸಂದು ಮುಚ್ಚಲಿ. ಬಣ್ಣದ ಮೇಲೆ ಅದೇ ಬಣ್ಣ, ಯಾರಿಗೂ ಕಾಣದು. ಅದು ಒಣಗಿದ ಮೇಲೆ ಎರಡನೇ ಬಣ್ಣ.

ಬಣ್ಣ ಮುಟ್ಟಲು ಒಣಗಿದ ಕೂಡಲೇ ಟೇಪ್ ತೆಗೆಯಿರಿ, ರಾತ್ರಿಯಿಡೀ ಬಿಡಬೇಡಿ. ಮೇಲಕ್ಕೆ ಎಳೆಯಬೇಡಿ, ಟೇಪನ್ನು ಅದರ ಬೆನ್ನಿನ ಮೇಲೇ ಮಡಚಿ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ಆಮೇಲೂ ದಿಬ್ಬ ಉಳಿದರೆ, ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ 3000-4000 ನಂಬರಿನ ಪೇಪರ್‌ನಿಂದ ಎರಡು ಸಲ ಸವರಿದರೆ ಸಾಕು. ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯಲು ಮಾಡೆಲನ್ನು ಮೂಗಿನ ಹತ್ತಿರ ಹಿಡಿಯಿರಿ. ಥಿನ್ನರ್ ವಾಸನೆ ಬಂದರೆ ಇನ್ನೂ ಇಲ್ಲ. ಎನಾಮೆಲ್‌ಗೆ ಇದು ಎರಡು ಮೂರು ದಿನವೂ ಆಗಬಹುದು.

ಪ್ರಶ್ನೆ: 1/72ರ ವಿಮಾನಕ್ಕೆ ನಾರ್ಮಂಡಿ ದಾಳಿಯ ಕಪ್ಪು-ಬಿಳಿ ಪಟ್ಟಿ ಹಾಕಬೇಕು. 6 ಮಿ.ಮೀ. ಟೇಪ್ ಸಾಕೇ? ಯಾವ ಬಣ್ಣ ಮೊದಲು?

ಮೊದಲು ಲೆಕ್ಕ. ನಾರ್ಮಂಡಿ ದಾಳಿಗೆ ಮುನ್ನ ಮಿತ್ರಪಡೆಗಳು 1944ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಒಂದು ಎಂಜಿನ್ನಿನ ವಿಮಾನಕ್ಕೆ ಪ್ರತಿ ಪಟ್ಟಿ 18 ಇಂಚು, ಎರಡು ಎಂಜಿನ್ನಿನದಕ್ಕೆ 24 ಇಂಚು. ಒಟ್ಟು ಐದು ಪಟ್ಟಿ: ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ. 18 ಇಂಚೆಂದರೆ 457 ಮಿ.ಮೀ., 1/72ರಲ್ಲಿ 6.35 ಮಿ.ಮೀ. ನಿಮ್ಮ ಟೇಪಿನಿಂದ ಐದು ಪಟ್ಟಿ ಸೇರಿ 30 ಮಿ.ಮೀ. ಆಗುತ್ತದೆ, ಆಗಬೇಕಾದ್ದು 31.75. ಒಂದೊಂದು ಪಟ್ಟಿಯಲ್ಲಿ ಗೊತ್ತಾಗದ ಕೊರತೆ ಐದು ಸೇರಿದಾಗ ಕಣ್ಣಿಗೆ ಬೀಳುತ್ತದೆ. 1/48ರಲ್ಲಿ ಪಟ್ಟಿ 9.5 ಮಿ.ಮೀ.; ಅಲ್ಲಿ 10 ಮಿ.ಮೀ. ಟೇಪ್ ಬಳಸಿದರೆ ಉಲ್ಟಾ, ಎರಡೂವರೆ ಮಿ.ಮೀ. ಹೆಚ್ಚಾಗಿ ರೆಕ್ಕೆಯ ಮೇಲಿನ ವಾಯುಪಡೆಯ ವೃತ್ತಚಿಹ್ನೆಯ ಕಡೆಗೆ ಒತ್ತುತ್ತದೆ. ಅಗಲದ ಟೇಪನ್ನು ಗಾಜಿನ ಮೇಲಿಟ್ಟು ಅಳತೆಗೆ ಕತ್ತರಿಸಿಕೊಳ್ಳಿ.

ಬಿಳಿಯೇ ಮೊದಲು. ಕಡು ಬಣ್ಣದ ಮೇಲೆ ಬಿಳಿ ಏರಬೇಕಾದರೆ ಏಳೆಂಟು ಕೈ ಬೇಕಾಗುತ್ತದೆ, ದಪ್ಪವಾಗಿ ದಿಬ್ಬವೇಳುತ್ತದೆ. ಐದೂ ಪಟ್ಟಿಯ ಜಾಗವನ್ನು ಒಟ್ಟಿಗೆ ಬಿಳಿ ಮಾಡಿ, ಒಂದು ದಿನ ಬಿಡಿ. ಈಗ ಐದು ಟೇಪ್ ತುಂಡುಗಳನ್ನು ಒಂದಕ್ಕೊಂದು ತಾಗಿಸಿ ಪಕ್ಕಪಕ್ಕ ಅಂಟಿಸಿ, ಎರಡನೆಯದನ್ನೂ ನಾಲ್ಕನೆಯದನ್ನೂ ಕಿತ್ತುಬಿಡಿ. ಅಂತರ ಅಳೆಯುವ ಕೆಲಸವೇ ಇಲ್ಲ. ಐದರ ಹೊರಗಿನ ಜಾಗ ಮುಚ್ಚಿ ಕಪ್ಪು ಹೊಡೆಯಿರಿ. ಕಡೆಗೆ ಇಡೀ ಪಟ್ಟಿ ಮುಚ್ಚಿ ಉಳಿದ ಮೈಬಣ್ಣ. ಅಚ್ಚ ಕಪ್ಪು, ಅಚ್ಚ ಬಿಳಿ ಇಷ್ಟು ಚಿಕ್ಕ ಮಾಡೆಲ್ ಮೇಲೆ ಆಟಿಕೆಯಂತೆ ಕಾಣುತ್ತವೆ. ಬಿಳಿಗೆ ಒಂದು ಹನಿ ಬೂದು, ಕಪ್ಪಿಗೂ ಒಂದಿಷ್ಟು ಬೂದು ಬೆರೆಸಿ.

ಅಂಚು ಎಷ್ಟು ನೇರವಿರಬೇಕು ಎನ್ನುವುದು ನೀವು ನೋಡಿ ಮಾಡುತ್ತಿರುವ ನಿಜ ವಿಮಾನದ ಫೋಟೊ ಮೇಲೆ ಬಿಟ್ಟದ್ದು. ದಾಳಿ ನಡೆದ ಜೂನ್ 6ರ ಹಿಂದಿನ ಎರಡು ಮೂರು ದಿನಗಳಲ್ಲಿ ಆತುರದಲ್ಲಿ, ಬ್ರಷ್ಷಿನಿಂದಲೇ ಬಳಿದ ವಿಮಾನಗಳು ಬೇಕಾದಷ್ಟಿದ್ದವು. ಫೋಟೊ ತೆಗೆದ ದಿನಾಂಕವನ್ನೂ ನೋಡಿ. ಮೇಲ್ಭಾಗದ ಪಟ್ಟಿಗಳನ್ನು ಮುಂದಿನ ವಾರಗಳಲ್ಲಿ ಅಳಿಸತೊಡಗಿದರು.

ಪ್ರಶ್ನೆ: ಸ್ಪಿಟ್‌ಫೈರ್‌ನ ಹಸಿರು-ಬೂದು ಬಣ್ಣಗಳ ನಡುವಿನ ಅಂಚು ಟೇಪ್ ಹಾಕಿದರೆ ಚಾಕುವಿನಲ್ಲಿ ಕೊಯ್ದಂತೆ, ಕೈಯಲ್ಲಿ ಹೊಡೆದರೆ ಹೊಗೆಯಂತೆ ಆಗುತ್ತದೆ.

ಬ್ಲೂ ಟ್ಯಾಕ್ (ಗೋಡೆಗೆ ಪೋಸ್ಟರ್ ಅಂಟಿಸುವ ಮೇಣದಂಥ ಅಂಟು) ತಗೊಳ್ಳಿ. ಅಂಗೈಯಲ್ಲಿ ಹೊಸೆದು 3-4 ಮಿ.ಮೀ. ದಪ್ಪದ ಹಗ್ಗ ಮಾಡಿ, ಬಣ್ಣದ ಗಡಿಯುದ್ದಕ್ಕೂ ಇಡಿ, ಚಪ್ಪಟೆಯಾಗುವಂತೆ ಒತ್ತಬೇಡಿ. ಹಗ್ಗ ದುಂಡಗಿದ್ದರೆ ಅದರ ಹೊಟ್ಟೆ ಮೇಲ್ಮೈಯಿಂದ ಕೊಂಚ ಎತ್ತರದಲ್ಲಿ ಚಾಚಿರುತ್ತದೆ. ಆ ನೆರಳಿನಲ್ಲಿ ಬಣ್ಣ ಕ್ರಮೇಣ ತೆಳುವಾಗಿ ಮೃದು ಅಂಚು ಮೂಡುತ್ತದೆ. ಹಗ್ಗ ದಪ್ಪವಾದಷ್ಟೂ ಅಂಚು ಮೃದು. 1/48ರಲ್ಲಿ ಅರ್ಧದಿಂದ ಒಂದು ಮಿ.ಮೀ. ಮೃದು ಅಂಚು ಸಾಕು, ನಿಜ ವಿಮಾನದಲ್ಲಿ ಅದು ಒಂದೆರಡು ಇಂಚು. ಹಗ್ಗದ ಹಿಂದಿನ ಜಾಗವನ್ನು ಟೇಪ್ ತುಂಡುಗಳಿಂದ ತುಂಬಿ. ಏರ್‌ಬ್ರಷ್ ಮೇಲ್ಮೈಗೆ ನೆಟ್ಟಗೆ ಲಂಬವಾಗಿರಲಿ. ಓರೆ ಹಿಡಿದರೆ ಒಂದು ಕಡೆ ಬಣ್ಣ ಹಗ್ಗದಡಿ ಹೊಕ್ಕು ಇನ್ನೊಂದು ಕಡೆ ಗೆರೆ ಕೊಯ್ದಂತಾಗುತ್ತದೆ. ಕೆಲಸ ಮುಗಿದ ಕೂಡಲೇ ತೆಗೆಯಿರಿ, ಬಿಟ್ಟರೆ ಜಿಡ್ಡಿನ ಕಲೆ ಉಳಿಯಬಹುದು.

ಬ್ರಿಟನ್ ತನ್ನ ಯುದ್ಧವಿಮಾನಗಳಿಗೆ 1941ರ ಆಗಸ್ಟಿನಿಂದ ತಂದ ಬಣ್ಣಗಳಾದರೆ ಮೇಲೆ ಡಾರ್ಕ್ ಗ್ರೀನ್, ಓಷನ್ ಗ್ರೇ, ಕೆಳಗೆ ಮೀಡಿಯಂ ಸೀ ಗ್ರೇ. ಮೊದಲು ಓಷನ್ ಗ್ರೇ ಹೊಡೆದು ಅದರ ಮೇಲೆ ಹಸಿರು.

ಪ್ರಶ್ನೆ: ಕ್ಯಾನಪಿಯ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ) ಚೌಕಟ್ಟಿಗೆ ಬಣ್ಣ ಹೊಡೆದರೆ ಒಳಗಿನಿಂದ ಹೊರಗಿನ ಬಣ್ಣವೇ ಕಾಣುತ್ತದೆ.

ಕಾಕ್‌ಪಿಟ್ ಒಳಗಿನ ಬಣ್ಣವನ್ನು ಮೊದಲು ಹೊರಗಿನಿಂದ ಹೊಡೆಯಿರಿ, ಅದು ಒಣಗಿದ ಮೇಲೆ ಹೊರಬಣ್ಣ. ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗಿಂದ ನೋಡಿದರೆ ಮೊದಲ ಪದರವೇ ಕಾಣುವುದು. ಗಾಜಿನ ಭಾಗ ಮುಚ್ಚಲು 1-2 ಮಿ.ಮೀ. ಅಗಲದ ಟೇಪ್ ಎಳೆಗಳನ್ನು ಅಂಚಿಗೆ ಅಂಟಿಸಿ, ನಡುವೆ ದ್ರವರೂಪದ ಮಾಸ್ಕ್ ತುಂಬಿ. ಟೇಪ್ ತೆಗೆಯುವ ಮುಂಚೆ ಚೌಕಟ್ಟಿನ ಗೆರೆಯಲ್ಲಿ ಬ್ಲೇಡಿನ ಮೊನೆ ಹಗುರಾಗಿ ಆಡಿಸಿ, ಇಲ್ಲದಿದ್ದರೆ ಬಣ್ಣದ ಪೊರೆ ಹರಿದು ಬರುತ್ತದೆ. ಅಂಟಿಸಲು ಬಿಳಿ ಪಿವಿಎ ಅಂಟು ಬಳಸಿ. ಸೂಪರ್ ಗ್ಲೂ ಆವಿಗೆ ಕ್ಯಾನಪಿ ಮಂಜಾಗುತ್ತದೆ.

ಪ್ರಶ್ನೆ: ಬಣ್ಣ ಕೆಲವೊಮ್ಮೆ ಸ್ಯಾಂಡ್‌ಪೇಪರ್‌ನಂತೆ ಒರಟಾಗುತ್ತದೆ. ಕೊನೆಯ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹಾಲು ಚೆಲ್ಲಿದಂತೆ ಬಿಳಿಚಿಕೊಂಡಿತು.

ಒರಟು ಎಂದರೆ ಬಣ್ಣ ಮಾಡೆಲ್ ಮುಟ್ಟುವ ಮೊದಲೇ ಒಣಗಿದೆ. ಹತ್ತಿರ ಬನ್ನಿ, ಒತ್ತಡ ಇಳಿಸಿ, ಥಿನ್ನರ್ ಒಂದು ಪಾಲು ಹೆಚ್ಚಿಸಿ. ಟಮಿಯಾ ಎಕ್ಸ್‌ಎಫ್ ಬಣ್ಣಗಳಿಗೆ ಲೆವೆಲಿಂಗ್ ಥಿನ್ನರ್ ಬೆರೆಸಿದರೆ ಒಣಗುವುದು ನಿಧಾನವಾಗಿ ಮೈ ನುಣುಪಾಗುತ್ತದೆ. ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗು ಬೇರೆ ರೋಗ: ಬಣ್ಣ ಗಟ್ಟಿಯಿದೆ, ಹರಿದು ಸಮವಾಗುತ್ತಿಲ್ಲ.

ಬಿಳಿಚಿಕೊಂಡದ್ದಕ್ಕೆ ಎರಡು ಕಾರಣ ಇರಬಹುದು. ಹವೆಯಲ್ಲಿ ತೇವ ಹೆಚ್ಚಿದ್ದಾಗ ಲ್ಯಾಕರ್ ವಾರ್ನಿಷ್ ಬೇಗ ಆರುತ್ತಾ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ನೀರಾವಿ ಅಲ್ಲೇ ಕೂತು ಸಿಕ್ಕಿಬೀಳುತ್ತದೆ. ಲೆವೆಲಿಂಗ್ ಥಿನ್ನರ್ ಮಾತ್ರವನ್ನೇ ತೆಳು ಮಂಜಿನಂತೆ ಹೊಡೆದರೆ ಬಹುತೇಕ ಸರಿಹೋಗುತ್ತದೆ. ಒಣ ಹವೆಯಲ್ಲೂ ಹೀಗಾದರೆ ಬಾಟಲಿಯ ತಳದ ಮ್ಯಾಟ್ ಪುಡಿ ಸರಿಯಾಗಿ ಕಲಕಿಲ್ಲ, ಇಲ್ಲವೇ ದಪ್ಪಗೆ ಬಿದ್ದಿದೆ. ಮೇಲೊಂದು ಕೈ ಹೊಳಪಿನ ವಾರ್ನಿಷ್ ಹೊಡೆಯಿರಿ, ಬಿಳುಪು ಮಾಯವಾಗುತ್ತದೆ. ಆಮೇಲೆ ಮ್ಯಾಟ್ ತೆಳುವಾಗಿ.

ಪ್ರಶ್ನೆ: ಟ್ಯಾಂಕಿನ ಚಕ್ರಗಳ ರಬ್ಬರ್ ಅಂಚನ್ನು ಬ್ರಷ್ಷಿನಿಂದ ಬಳಿದು ಸಾಕಾಗಿದೆ.

ಪ್ಯಾಂಜರ್ 4 ಆದರೆ ಪ್ರತಿ ಬದಿಗೆ ಎಂಟು ಜೋಡಿ, ಒಟ್ಟು 32 ಚಕ್ರ. ಸಾಕಾಗದೆ ಇನ್ನೇನು! ಕ್ರಮ ತಿರುಗಿಸಿ. ಚಕ್ರಗಳಿಗೆಲ್ಲ ಮೊದಲು ರಬ್ಬರ್ ಬಣ್ಣ ಹೊಡೆಯಿರಿ, ಟಮಿಯಾ ಎಕ್ಸ್‌ಎಫ್-85 ಸರಿಯಾಗುತ್ತದೆ. ಒಣಗಿದ ಮೇಲೆ ನಕ್ಷೆ ಬರೆಯುವವರು ಬಳಸುವ ಸರ್ಕಲ್ ಟೆಂಪ್ಲೇಟ್‌ನಲ್ಲಿ ಲೋಹದ ಭಾಗದಷ್ಟೇ ವ್ಯಾಸದ ತೂತು ಆರಿಸಿ, ಚಕ್ರಕ್ಕೆ ಒತ್ತಿ ಹಿಡಿದು, 10-12 ಪಿಎಸ್‌ಐನಲ್ಲಿ ನೇರವಾಗಿ ಮೈಬಣ್ಣ ಹೊಡೆಯಿರಿ. ಒಂದೊಂದು ಚಕ್ರಕ್ಕೆ ಅರ್ಧ ನಿಮಿಷ. ಅಲ್ಲಲ್ಲಿ ಮೈಬಣ್ಣ ರಬ್ಬರ್ ಮೇಲೆ ಹೊರಚೆಲ್ಲಿದರೆ ಬೇಸರ ಬೇಡ, ಆ ಅಂಚಿಗೆ ಹೇಗೂ ಮಣ್ಣಿನ ಬಣ್ಣ ಬರುವುದಿದೆ. ಶುರು ಮಾಡುವ ಮುಂಚೆ ನಿಮ್ಮ ಟ್ಯಾಂಕಿನ ಚಕ್ರಕ್ಕೆ ರಬ್ಬರ್ ಇತ್ತೇ ಎಂದು ನೋಡಿಕೊಳ್ಳಿ: 1944ರ ಫೆಬ್ರವರಿಯಿಂದ ಬಂದ ಟೈಗರ್‌ಗಳ ಚಕ್ರಕ್ಕೆ ಹೊರಗೆ ಉಕ್ಕಿನ ಪಟ್ಟಿಯೇ ಇದೆ.